ಹಳೆಯ ಕಾರಿನ ವೇಗಮಾಪಕ: ದುರಸ್ತಿ ಮತ್ತು ಎಣ್ಣೆ

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದ ಮರೆಯಾಯಿತು. ಆದರೂ ಅದನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಇಂಜಿನ್ನಿಗೂ ಬಣ್ಣಕ್ಕೂ ಸಲ್ಲುವ ಗಮನ ವೇಗಮಾಪಕಕ್ಕೆ ಸಲ್ಲುವುದು ಅಪರೂಪ. ಇದು ಅಪಾಯಕರ. ನಾಶಿಕ ಹೆದ್ದಾರಿಯಲ್ಲಿ ಬಹುದೂರ ವೇಗವಾಗಿ ಬಂದು ಠಾಣೆಯ ಬೀದಿಗಳನ್ನು ಹೊಕ್ಕಾಗ, ಚಾಲಕನ ಕಣ್ಣು ವೇಗವನ್ನು ಕಡಿಮೆಯೆಂದೇ ಗ್ರಹಿಸುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆ. ಆಗ ಸತ್ಯ ನುಡಿಯಬೇಕಾದುದು ಈ ಮುಳ್ಳೇ.

ಗೇರುಪೆಟ್ಟಿಗೆಯಿಂದ ಹೊರಟ ಕೇಬಲಿನೊಳಗೆ ಹಗ್ಗದಂತೆ ಹೊಸೆದ ಉಕ್ಕಿನ ತಂತಿಯೊಂದು ತಿರುಗುತ್ತದೆ. ಅದರ ಮೇಲ್ತುದಿಯಲ್ಲಿ ಅಯಸ್ಕಾಂತವಿದೆ. ಅದಕ್ಕೆ ತಾಗದಂತೆ ಅಲ್ಯೂಮಿನಿಯಂ ಬಟ್ಟಲಿದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ, ಅದನ್ನು ಜೊತೆಗೆ ಎಳೆಯುತ್ತದೆ. ನವಿರಾದ ಸ್ಪ್ರಿಂಗು ತಡೆಯುತ್ತದೆ. ಈ ಎಳೆತ–ತಡೆಗಳ ಸಮತೋಲವೇ ಮುಳ್ಳಿನ ಸ್ಥಾನ. ಜರ್ಮನಿಯ ಆಟೋ ಶುಲ್ಜೆ ಈ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದನು. ಕಿಲೋಮೀಟರುಗಳ ಅಂಕಿಗಳನ್ನು ಮಾತ್ರ ಹಲ್ಲುಚಕ್ರಗಳು ನಡೆಸುತ್ತವೆ.

ದೋಷವನ್ನು ಹೀಗೆ ಗುರುತಿಸಬಹುದು: ಮುಳ್ಳೂ ಅಂಕಿಗಳೂ ನಿಂತಿದ್ದರೆ ಬಹುಶಃ ತಂತಿ ತುಂಡಾಗಿದೆ. ಅಂಕಿಗಳು ಉರುಳಿಯೂ ಮುಳ್ಳು ಏಳದಿದ್ದರೆ ದೋಷ ಮಾಪಕದೊಳಗಿದೆ. ಮುಳ್ಳು ನಡುಗುತ್ತಿದ್ದರೆ ಸಾಮಾನ್ಯವಾಗಿ ತಂತಿ ಒಣಗಿದೆ, ಇಲ್ಲವೆ ಕೇಬಲು ಎಲ್ಲಿಯೋ ಮಡಿಚಿಕೊಂಡಿದೆ.

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮಾಪಕದ ಹಿಂದಿನ ತಿರುಪನ್ನು ಬಿಚ್ಚಿ, ತಂತಿಯನ್ನು ಹೊರಗೆಳೆಯಬೇಕು. ಸೀಮೆಎಣ್ಣೆಯಲ್ಲಿ ತೊಳೆದು ಚೆನ್ನಾಗಿ ಒರೆಸಿ, ಎಳೆ ಹರಿದಿದ್ದರೆ ಬದಲಿಸಬೇಕು. ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸು ಸವರಬೇಕು. ಮೇಲ್ಭಾಗ ಒಣಗಿರಲಿ, ಏಕೆಂದರೆ ಹುರಿಗೊಂಡ ತಂತಿ ತಿರುಗುತ್ತ ಗ್ರೀಸನ್ನು ತಾನೇ ಮೇಲಕ್ಕೆ ಏರಿಸುತ್ತದೆ. ಅದು ಬಟ್ಟಲಿಗೆ ಅಂಟಿದರೆ ಮುಳ್ಳು ಇಲ್ಲದ ವೇಗವನ್ನು ತೋರಿಸೀತು. ಮಾಪಕದ ಕೆಳಗಿನ ಅಚ್ಚಿಗೆ ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ ಸಾಕು. ಸ್ಪ್ರಿಂಗನ್ನು ಮುಟ್ಟಲಾಗದು, ಅದು ನುರಿತ ಮೀಟರು ರಿಪೇರಿಯವರ ಕೆಲಸ. ಕೇಬಲನ್ನು ಮರಳಿ ಜೋಡಿಸುವಾಗ ಎಲ್ಲಿಯೂ ಚೂಪಾದ ಬಾಗು ಇರಬಾರದು.

ನವಿ ಮುಂಬಯಿ, ಡೊಂಬಿವಲಿ, ಕಲ್ಯಾಣಗಳ ಮಳೆಗಾಲದ ತೇವಕ್ಕೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ, ಮಳೆಗೆ ಮುನ್ನ ವರ್ಷಕ್ಕೊಮ್ಮೆ ಈ ಆರೈಕೆ ಮಾಡುವುದು ಲೇಸು. ದುರಸ್ತಿಯ ಬಳಿಕ ಜೊತೆಗಾರರೊಬ್ಬರು ಮೊಬೈಲಿನ ಜಿಪಿಎಸ್ ವೇಗವನ್ನು ಓದುತ್ತಿರಲು, ಮುಳ್ಳನ್ನು ಹೋಲಿಸಿ ನೋಡಬೇಕು. ಸುಳ್ಳು ಹೇಳುವ ಮಾಪಕವು ನಿಂತ ಮಾಪಕಕ್ಕಿಂತಲೂ ಕೆಡುಕು. ನಿಂತದ್ದನ್ನು ಯಾರೂ ನಂಬುವುದಿಲ್ಲ.