ಲ್ಯುಕೀಮಿಯ: ಉಳಿದ ರೋಗದ ಲೆಕ್ಕ

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಲ್ಯುಕೀಮಿಯ. ಅದರಲ್ಲಿಯೂ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಕ್ಕೆ ಸಂಬಂಧಿಸಿದುದು. ಒಂದು ಕಾಲಕ್ಕೆ ಈ ರೋಗ ಹಿಡಿದ ಮಗು ಕೆಲವೇ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದಿತು. ೧೯೪೮ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ೧೬ ಮಕ್ಕಳಲ್ಲಿ ೧೦ ಮಂದಿ ಚೇತರಿಸಿಕೊಂಡರೆಂದು ಪ್ರಕಟಿಸಿದರು. (ಔಷಧವನ್ನು ಒದಗಿಸಿದ ಸಂಶೋಧಕರ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?) ಆದರೆ ಆ ಚೇತರಿಕೆ ನಿಲ್ಲಲಿಲ್ಲ; ರೋಗ ಮರುಕಳಿಸಿತು.

ಇದಕ್ಕೆ ಕಾರಣ ಬರಿಯ ಲೆಕ್ಕ. ರೋಗ ಪತ್ತೆಯಾಗುವ ಹೊತ್ತಿಗೆ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕಣಗಳಿರುತ್ತವೆ. ನೂರಕ್ಕೆ ೯೯ ಸತ್ತರೂ ಸಾವಿರ ಕೋಟಿ ಉಳಿದವು! ಸೂಕ್ಷ್ಮದರ್ಶಕಕ್ಕೆ ಇವು ಸಿಕ್ಕುವುದಿಲ್ಲ. ಮಜ್ಜೆಯಲ್ಲಿ ನೂರಕ್ಕೆ ಐದಕ್ಕಿಂತ ಕಡಮೆಯಿದ್ದರೆ ರೋಗ ಇಳಿಯಿತೆಂದೇ ಹೇಳುವ ರೂಢಿ. ಆರೋಗ್ಯದ ಎಳೆಯ ಕಣಕ್ಕೂ ರೋಗಕಣಕ್ಕೂ ರೂಪದಲ್ಲಿ ಭೇದ ಅಷ್ಟು ಕಡಮೆ.

ರೂಪದಲ್ಲಿಲ್ಲದ ಗುರುತು ಡಿ.ಎನ್.ಎ.ಯಲ್ಲಿದೆ. ಪ್ರತಿಯೊಂದು ಲಿಂಫೋಸೈಟೂ ಬೆಳೆಯುವಾಗ ಅದರ ಕೆಲವು ತುಂಡುಗಳನ್ನು ಕತ್ತರಿಸಿ ತನ್ನದೇ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ರೋಗಕಣಗಳಾದರೋ ಒಂದೇ ಕಣದ ಸಂತಾನ. ಆದುದರಿಂದ ಅವುಗಳಲ್ಲಿ ಆ ಜೋಡಣೆ ಮನೆತನದ ಮುದ್ರೆಯಂತೆ ಉಳಿದು ಬರುತ್ತದೆ. ಪಿ.ಸಿ.ಆರ್. ವಿಧಾನದಿಂದ ಈ ಮುದ್ರೆಯನ್ನು ಹುಡುಕಿದರೆ ಹತ್ತು ಸಾವಿರಕ್ಕೆ ಒಂದು, ಕೆಲವು ವೇಳೆ ಲಕ್ಷಕ್ಕೆ ಒಂದು ಕಣವಿದ್ದರೂ ತಿಳಿಯುತ್ತದೆ. ಕಣದ ಮೈಮೇಲಿನ ಪ್ರೋಟೀನುಗಳ ಅಸಹಜತೆಯನ್ನು ಫ್ಲೋ ಸೈಟೋಮೀಟರಿನಿಂದ ಗುರುತಿಸುವುದು ಇನ್ನೊಂದು ದಾರಿ.

ಮಗುವಿನ ವಯಸ್ಸು, ಬಿಳಿಯ ಕಣಗಳ ಸಂಖ್ಯೆ, ವರ್ಣತಂತುಗಳ ದೋಷ ಇವೂ ಮುಂದಿನದನ್ನು ಸೂಚಿಸುತ್ತವೆ. ಆದರೆ ಚಿಕಿತ್ಸೆಯ ಮೊದಲ ವಾರಗಳಲ್ಲಿ ಎಷ್ಟು ರೋಗ ಉಳಿದಿದೆ ಎಂಬುದು ಇವೆಲ್ಲಕ್ಕಿಂತ ಪ್ರಬಲವಾದ ಸೂಚನೆಯೆಂದು ೧೯೯೮ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿದವು.

ಭವಿಷ್ಯ ತಿಳಿದು ಪ್ರಯೋಜನವೇನು? ನನ್ನ ಮಟ್ಟಿಗೆ ವಿಷಯದ ತಿರುಳಿರುವುದು ಇಲ್ಲಿಯೇ. ಈ ಔಷಧಗಳು ಒಂದು ಬಗೆಯ ವಿಷಗಳೇ ಸರಿ, ಹೆಚ್ಚಾದರೆ ಸೋಂಕು, ಹೃದಯಕ್ಕೆ ಹಾನಿ, ಕಡಮೆಯಾದರೆ ಮರುಕಳಿಕೆ. ೨೦೦೩ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ, ರೋಗದ ಅವಶೇಷ ಬೇಗ ಮಾಯವಾದವರಲ್ಲಿ ಕೆಲವರಿಗೆ ತೀವ್ರ ಚಿಕಿತ್ಸೆಯ ಎರಡು ಸುತ್ತುಗಳಿಗೆ ಬದಲು ಒಂದನ್ನೇ ಕೊಟ್ಟರು. ಅವರಲ್ಲಿ ಮರುಕಳಿಕೆ ಗಣನೀಯವಾಗಿ ಹೆಚ್ಚಲಿಲ್ಲವೆಂದು ೨೦೧೩ರಲ್ಲಿ ವರದಿಯಾಯಿತು.

ಆದರೂ ಇದು ಜ್ಯೋತಿಷ್ಯವಲ್ಲ. ಪರೀಕ್ಷೆ ನೋಡುವುದು ಮಜ್ಜೆಯ ಒಂದಿಷ್ಟನ್ನು ಮಾತ್ರ; ಮೆದುಳಿನ ಸುತ್ತಲ ದ್ರವದಲ್ಲಿ ಕಣಗಳು ಅಡಗಿರಬಹುದು. ಅದಕ್ಕಾಗಿಯೇ, ಮಜ್ಜೆಯಲ್ಲಿ ಏನೂ ಕಾಣದ ಮಗುವಿಗೂ ಬೆನ್ನೆಲುಬಿನ ಸಂದಿಯಿಂದ ಆ ದ್ರವಕ್ಕೆ ಔಷಧ ಕೊಡುವುದನ್ನು ವೈದ್ಯರು ಬಿಡುವುದಿಲ್ಲ.