ಮರೆವಿನ ಮೂಲ ಗುಳಿಗೆಯಲ್ಲಿಯೂ ಉಂಟು

ಸ್ತನದ ಕ್ಯಾನ್ಸರಿನಿಂದ ಚೇತರಿಸಿಕೊಂಡು ರಾಜಾಜಿನಗರದ ಮನೆಗೆ ಮರಳಿದ ತಾಯಿಯೊಬ್ಬರು ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತಾರೆ. ಪರಿಚಿತರ ಹೆಸರಿಗಾಗಿ ತಡಕಾಡುತ್ತಾರೆ. ಇದು ಅಸಡ್ಡೆಯೇ? ಅಲ್ಲ.

ಅನೇಕ ಸ್ತನಗಂತಿಗಳು ಈಸ್ಟ್ರೊಜನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. 1962ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಟಮಾಕ್ಸಿಫೆನ್, ಬೀಗದ ಕಿಂಡಿಯಲ್ಲಿ ಬೇರೊಂದು ಕೀಲಿಯನ್ನು ತುರುಕಿಟ್ಟಂತೆ, ಗಂತಿಯ ಜೀವಕೋಶಗಳಲ್ಲಿ ಆ ಹಾರ್ಮೋನಿನ ದಾರಿಯನ್ನು ಕಟ್ಟುವುದು. ಲೆಟ್ರೊಜೋಲ್ ಅದರ ಉತ್ಪತ್ತಿಯನ್ನೇ ತಗ್ಗಿಸುವುದು. ಆದರೆ ಅಂಥ ಬೀಗಗಳು ಮಿದುಳಿನಲ್ಲಿ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ಸಿನಲ್ಲಿಯೂ ಉಂಟು. ಆದುದರಿಂದ ಕೆಲವರಲ್ಲಿ ಮರೆವು ತೋರಬಹುದು. ನಿದ್ರಾಭಂಗವೂ ಚಿಂತೆಯೂ ಅದನ್ನು ಹೆಚ್ಚಿಸುತ್ತವೆ.

ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಕೂಡದು. 5 ವರ್ಷ ಕ್ರಮವಾಗಿ ಸೇವಿಸಿದ ಟಮಾಕ್ಸಿಫೆನ್, ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿನಿಂದಾಗುವ ಸಾವುಗಳನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಮಾಡುತ್ತದೆ. ಮರೆವಿನ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ನಗರದಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳುಂಟು. ಅಗತ್ಯವಾದರೆ ವೈದ್ಯರು ಔಷಧವನ್ನು ಬದಲಿಸಿಯಾರು.

ಮನೆಯಲ್ಲಿ ದಿನಚರಿಯ ಪುಸ್ತಕ, ಗೊತ್ತಾದ ವೇಳೆ, ಒಮ್ಮೆಗೆ ಒಂದೇ ಕೆಲಸ, ನಿತ್ಯದ ನಡಿಗೆ, ಸಾಕಷ್ಟು ನಿದ್ರೆ ಇವು ನೆರವಾಗುತ್ತವೆ. ವಿದ್ಯಾರ್ಥಿಗಳೇ, “ಮತ್ತೆ ಮರೆತೆಯಾ ಅಮ್ಮಾ?” ಎಂದು ಜರೆಯುವ ಬದಲು ನಾಳೆಯ ಕೆಲಸಗಳ ಪಟ್ಟಿಯನ್ನು ಬರೆದುಕೊಡಿರಿ, ಅದೂ ಶುಶ್ರೂಷೆಯೇ.