ಕುಡಿತ ಬಿಟ್ಟವರ ಸಭೆ ಎಲ್ಲಿ ನಡೆಯುತ್ತದೆ?

"ಡಾಕ್ಟ್ರೇ, ಅವರಿಗೆ ಗೊತ್ತಾಗದ ಹಾಗೆ ಕಾಫಿಯಲ್ಲಿ ಬೆರೆಸಿ ಕೊಡೋಕೆ ಏನಾದರೂ ಪುಡಿ ಇದೆಯೆ?" ಕುಡಿತದ ಚಟಕ್ಕೆ ಬಿದ್ದವರ ಹೆಂಡತಿಯರು, ತಾಯಂದಿರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ದಯವಿಟ್ಟು ಆ ಕೆಲಸ ಮಾಡಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಇರುವುದು ನಿಜ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿಯಾಗುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಅದನ್ನು ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು.

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದರೆ ಮೈಯಿಂದ ಮದ್ಯವೇನೋ ಇಳಿಯುತ್ತದೆ. ಆದರೆ ಮನೆಗೆ ಬಂದ ಮೇಲೆ ಸಂಜೆ ಆರೂವರೆ ಗಂಟೆಗೆ ಏನು ಮಾಡುವುದು? ಅದೇ ಬಸ್ ಸ್ಟಾಪು, ಅದೇ ಗೆಳೆಯರು, ದಾರಿಯಲ್ಲಿ ಅದೇ ಅಂಗಡಿ. ಆ ಹೊತ್ತಿಗೆ ಕೂರಲು ಇನ್ನೊಂದು ಜಾಗ ಬೇಕು. ಕುಡಿತ ಬಿಟ್ಟವರು ಒಟ್ಟಿಗೆ ಸೇರುವ ಸಭೆಗಳು ಇರುವುದು ಅದಕ್ಕಾಗಿಯೇ.

ಇವುಗಳಲ್ಲಿ ಹೆಸರಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರ ನಡೆಸುತ್ತಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತಷ್ಟೆ. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಓಹಾಯೋ ರಾಜ್ಯದ ಆಕ್ರನ್ ಊರಿಗೆ ಹೋದರೆ ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬನೇ, ಒಂದು ಬದಿಗೆ ಬಾರು, ಇನ್ನೊಂದು ಬದಿಗೆ ಟೆಲಿಫೋನು. ಆತ ಊರಿನ ಚರ್ಚುಗಳಿಗೆ ಫೋನು ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕೆಂದು ಕೇಳತೊಡಗಿದ! ಹಾಗೆ ಸಿಕ್ಕವನು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಹದಿನೈದು ನಿಮಿಷವೆಂದು ಶುರುವಾದ ಮಾತು ಗಂಟೆಗಟ್ಟಲೆ ನಡೆಯಿತು. ಎ.ಎ.ಗೆ ನಾಂದಿಯಾದದ್ದು ಆ ಭೇಟಿ. 1957ರಲ್ಲಿ ಅದು ಮುಂಬಯಿಗೆ ಬಂತು.

ಈಗಲೂ ಸಭೆಯಲ್ಲಿ ನಡೆಯುವುದು ಅದೇ ಮಾತುಕತೆ. ಭಾಷಣವಿಲ್ಲ, ಬುದ್ಧಿವಾದವಿಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಮೊದಲ ದಿನ ಬಾಯಿ ಬಿಡದೆ ಹಿಂದಿನ ಕುರ್ಚಿಯಲ್ಲಿ ಕೂತು ಎದ್ದು ಬಂದರೂ ಯಾರೂ ಆಕ್ಷೇಪಿಸುವುದಿಲ್ಲ. ಶುಲ್ಕವಿಲ್ಲ, ಇಷ್ಟವಿದ್ದವರು ಬಾಡಿಗೆ, ಚಹಾದ ಖರ್ಚಿಗೆ ಅಷ್ಟಿಷ್ಟು ಹಾಕುತ್ತಾರೆ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಹಲವು ಸಭೆಗಳು ಚರ್ಚಿನ ಆವರಣದಲ್ಲೋ ಶಾಲೆಯ ಕೊಠಡಿಯಲ್ಲೋ ನಡೆಯುವುದರಿಂದ ಮತಾಂತರದ ಶಂಕೆ ಕೆಲವರಿಗೆ. ಜಾಗ ಮಾತ್ರ ಅವರದು, ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ದೇವರ ಮಾತು ಬರುತ್ತದೆ ನಿಜ, ಆ ದೇವರು ಯಾರೆಂಬುದು ಅವರವರ ಭಾವಕ್ಕೆ ಬಿಟ್ಟದ್ದು.

ಇದರಿಂದ ಪ್ರಯೋಜನವಿದೆಯೆ? 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿತು. ಪೂರ್ತಿಯಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ರೋಗಿಯನ್ನು ಎ.ಎ. ಕಡೆಗೆ ಕ್ರಮಬದ್ಧವಾಗಿ ಕರೆದೊಯ್ಯುವ ಚಿಕಿತ್ಸೆ ಇತರ ಸಮಾಲೋಚನೆಗಳಿಗಿಂತ ಒಂದು ಕೈ ಮೇಲೆಂದು ಕಂಡುಬಂತು. ಹಾಗೆಂದು ಎಲ್ಲರಿಗೂ ಒಗ್ಗುತ್ತದೆಂದಲ್ಲ. ಒಂದು ಸಭೆ ಹಿಡಿಸದಿದ್ದರೆ ಬೇರೆ ಎರಡು ಮೂರು ಸಭೆಗಳಿಗೆ ಹೋಗಿ ನೋಡಲಿ. ಕನ್ನಡದಲ್ಲಿ ನಡೆಯುವುದು ಯಾವುದು, ಇಂಗ್ಲಿಷಿನಲ್ಲಿ ಯಾವುದು ಎಂದು ಮೊದಲೇ ವಿಚಾರಿಸಿ.

ಹುಡುಕುವುದು ಕಷ್ಟವಲ್ಲ. ಬೆಂಗಳೂರಿನವರು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ, ಉಳಿದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ಕೇಳಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಉಚಿತ. ಹಳ್ಳಿಗಳ ಕಡೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ನಾಲ್ಕು ಜನರೆದುರು ಮುಖ ತೋರಿಸಲು ಅಂಜುವವರಿಗೆ ಮೊಬೈಲಿನಲ್ಲೇ ಸೇರಬಹುದಾದ ಸಭೆಗಳೂ ಇವೆ.

ಒಂದು ಎಚ್ಚರಿಕೆ. ದಿನವೂ ವಿಪರೀತ ಕುಡಿಯುವವರು ಸಭೆಗೆ ಹೋಗಿ ಬಂದ ಹುರುಪಿನಲ್ಲಿ ದಿಢೀರನೆ ನಿಲ್ಲಿಸಬಾರದು. ಕೆಲವೇ ಗಂಟೆಗಳಲ್ಲಿ ಕೈನಡುಕ, ಮೊದಲೆರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಇಲ್ಲದ್ದು ಕಂಡಂತಾಗಿ ಬಡಬಡಿಸುವ ಸನ್ನಿ ಬರಬಹುದು. ಇದು ಜೀವ ತೆಗೆಯಬಲ್ಲದು. ಮೊದಲು ವೈದ್ಯರನ್ನು ಕಾಣಲಿ. ನಡುಕ ತಗ್ಗಿಸುವ ಔಷಧ, ಬಿ-1 ಜೀವಸತ್ವದ ಇಂಜೆಕ್ಷನ್ ಬೇಕಾಗಬಹುದು.

ಮನೆಯವರು ಬರಲೊಪ್ಪದಿದ್ದರೆ? ಕುಡಿಯುವವರ ಕುಟುಂಬದವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಗಂಡ ಬಿಟ್ಟಿರಲಿ ಬಿಡದಿರಲಿ, ನೀವು ಹೋಗಬಹುದು. ಎ.ಎ.ಯ ಮುಕ್ತ ಸಭೆಗಳಿಗೂ ಮನೆಯವರಿಗೆ ಪ್ರವೇಶವುಂಟು. ಒಮ್ಮೆ ನೀವೇ ಹೋಗಿ ಕೂತು ನೋಡಿ ಬನ್ನಿ. ಕುಡಿದು ಬಂದ ರಾತ್ರಿ ಇದರ ಮಾತೆತ್ತಬೇಡಿ. ಬೆಳಿಗ್ಗೆ, ತಲೆ ತಿಳಿಯಾಗಿರುವಾಗ, ಜಾಗ, ವಾರ, ಸಮಯ ಬರೆದ ಚೀಟಿ ಕೊಟ್ಟು ಸುಮ್ಮನಿರಿ. ಜೊತೆಗೆ ಬರಲೇ ಎಂದು ಒಮ್ಮೆ ಕೇಳಬಹುದು.